ಬ್ರೇಕ್ ಪೆಡಲ್ ಮೆತ್ತಗಾಗಿದೆಯಾ? ಗಾಳಿ ತೆಗೆಯುವ ಮೊದಲು ಗಾಳಿ ಬಂದ ದಾರಿ ಹುಡುಕಿ

ಒಳ್ಳೆಯ ಬ್ರೇಕ್ ಪೆಡಲ್ ಸ್ವಲ್ಪ ಕೆಳಗೆ ಹೋಗಿ ಗಟ್ಟಿಯಾಗಿ ನಿಲ್ಲುತ್ತದೆ. ಆಮೇಲೆ ಎಷ್ಟು ಜೋರಾಗಿ ತುಳಿದರೂ ಜಾಸ್ತಿ ಜಗ್ಗುವುದಿಲ್ಲ. ಅದೇ ಪೆಡಲ್ ಮೆತ್ತಗೆ ಒಳಗೆ ಹೋಗುತ್ತಿದ್ದರೆ, ಎರಡು ಮೂರು ಸಲ ಪಟಪಟ ತುಳಿದ ಮೇಲೇ ಗಾಡಿ ನಿಲ್ಲುತ್ತಿದ್ದರೆ, ಕಲಬುರಗಿಯಲ್ಲಿ ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: "ಏರ್ ಹಿಡದದ, ತೆಗಸ್ರಿ."

ಬಹಳ ಸಲ ಆ ಮಾತು ಸರಿ. ಆದರೆ ಗಾಳಿ ತಾನಾಗಿಯೇ ಪೈಪಿನೊಳಗೆ ಹುಟ್ಟುವುದಿಲ್ಲ, ಅಲ್ವಾ? ಹೋಸ್ ಪೈಪ್ ಬದಲಿಸಿದ್ದರೆ, ಕ್ಯಾಲಿಪರ್ (ಚಕ್ರದ ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ) ಅಥವಾ ವೀಲ್ ಸಿಲಿಂಡರ್ (ಡ್ರಮ್ ಒಳಗೆ ಶೂ ಒತ್ತುವ ಭಾಗ) ಬಿಚ್ಚಿದ್ದರೆ, ಡಬ್ಬಿಯಲ್ಲಿ ಬ್ರೇಕ್ ಆಯಿಲ್ ತಳ ಕಂಡಿದ್ದರೆ ಗಾಳಿ ಒಳಗೆ ಬರುತ್ತದೆ. ಇದ್ಯಾವುದೂ ಆಗಿಲ್ಲ, ಆದರೂ ಪೆಡಲ್ ಮೆತ್ತಗಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಇಲ್ಲವೇ ಅದು ಗಾಳಿಯ ತೊಂದರೆಯೇ ಅಲ್ಲ. ಸೋರಿಕೆಯನ್ನು ಹಾಗೇ ಬಿಟ್ಟು ಗಾಳಿ ಮಾತ್ರ ತೆಗೆದರೆ ನಾಲ್ಕು ದಿನ ಬ್ರೇಕ್ ಚೆನ್ನಾಗಿ ಹತ್ತುತ್ತದೆ. ಆಮೇಲೆ ಹುಮನಾಬಾದ್ ರಸ್ತೆಯಲ್ಲಿ ವೇಗವಾಗಿ ಹೋಗುವಾಗ, ಮುಂದಿನ ಲಾರಿ ದಿಢೀರ್ ನಿಂತಾಗ, ಪೆಡಲ್ ನೆಲ ಮುಟ್ಟುತ್ತದೆ. ಗಾಳಿ ತೆಗೆಯುವುದು ಮನೆಯಲ್ಲೇ ಕಲಿಯಬಹುದಾದ ಕೆಲಸ. ಪ್ರತಿ ಚಕ್ರದ ಹತ್ತಿರ ಗಾಳಿ ಬಿಡಲು ಇರುವ ಪೊಳ್ಳು ಸ್ಕ್ರೂ, ಅಂದರೆ ನಿಪ್ಪಲ್‌ಗೆ ಕೈ ಹಾಕುವ ಮೊದಲು ಎಲ್ಲಿ ಏನಾಗಿದೆ ಎಂದು ನೋಡುವುದೇ ಇದರಲ್ಲಿ ದೊಡ್ಡ ಕೆಲಸ. ಅದಕ್ಕೇ ಇಲ್ಲಿ ಅದನ್ನೇ ಜಾಸ್ತಿ ಬರೆದಿದ್ದೇನೆ.

ಒಂದು ಮಾತು ಮೊದಲೇ. ಪೆಡಲ್ ನೆಲ ಮುಟ್ಟುತ್ತಿದ್ದರೆ ಗಾಡಿ ಓಡಿಸಬೇಡಿ. "ಮೆಲ್ಲಗೆ ಗ್ಯಾರೇಜ್ ತನಕ ಹೋಗಿಬಿಡ್ತೀನಿ" ಅಂತಲೂ ಬೇಡ. ಮೆಕ್ಯಾನಿಕ್ ಅನ್ನು ಮನೆಗೇ ಕರೆಸಿ, ಇಲ್ಲವೇ ಗಾಡಿಯನ್ನು ಹೇರಿಸಿಕೊಂಡು ಹೋಗಿ.

ಗಾಳಿ ಯಾಕೆ ತೊಂದರೆ ಕೊಡುತ್ತದೆ

ಒಂದು ಸಿರಿಂಜ್ ತೆಗೆದುಕೊಳ್ಳಿ, ಸೂಜಿ ಇಲ್ಲದ್ದು. ಅದರ ತುಂಬ ನೀರು ಎಳೆದು, ತುದಿಯನ್ನು ಬೆರಳಿಂದ ಮುಚ್ಚಿ ಒತ್ತಿ ನೋಡಿ. ಜಗ್ಗುವುದೇ ಇಲ್ಲ. ಈಗ ಒಳಗೆ ಒಂದಿಷ್ಟು ಗಾಳಿ ಬಿಟ್ಟುಕೊಂಡು ಅದೇ ಥರ ಒತ್ತಿ. ಒಳಗೆ ಹೋಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಬ್ರೇಕಿನಲ್ಲಿ ಆಗುವುದೂ ಅದೇ. ನೀವು ತುಳಿದ ಒತ್ತಡ, ಪೆಡಲಿನ ಹಿಂದೆ ಆಯಿಲ್ ಒತ್ತುವ ಮಾಸ್ಟರ್ ಸಿಲಿಂಡರ್‌ನಿಂದ ಪೈಪಿನ ಮೂಲಕ ನಾಲ್ಕೂ ಚಕ್ರಕ್ಕೆ ಹೋಗಬೇಕು. ದಾರಿಯಲ್ಲಿ ಗಾಳಿ ಗುಳ್ಳೆ ಇದ್ದರೆ ಆ ಗುಳ್ಳೆ ಕುಗ್ಗುವುದಕ್ಕೇ ಪೆಡಲ್‌ನ ಅರ್ಧ ಓಟ ಮುಗಿದುಹೋಗುತ್ತದೆ. ಪ್ಯಾಡ್ ಡಿಸ್ಕನ್ನು ಹಿಡಿಯುವಷ್ಟು ಒತ್ತಡ ಅಲ್ಲಿಗೆ ತಲುಪುವುದೇ ಇಲ್ಲ.

ಪೆಡಲ್ ಏನು ಹೇಳುತ್ತಿದೆ

ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಇಂಜಿನ್ ಆಫ್ ಮಾಡಿ. ಐದಾರು ಸಲ ಬ್ರೇಕ್ ತುಳಿದು ಬಿಡಿ. ಕಾಲಿನ ಬಲ ಹೆಚ್ಚಿಸುವ ಬೂಸ್ಟರ್‌ನಲ್ಲಿ ಉಳಿದಿದ್ದ ವ್ಯಾಕ್ಯೂಮ್ ಖಾಲಿಯಾಗುತ್ತದೆ. ಈಗ ಕಾಲಿಗೆ ಸಿಗುವುದು ಬ್ರೇಕ್ ಆಯಿಲ್‌ನ ನಿಜವಾದ ಸ್ಥಿತಿ. ಒಂದೇ ಸಮನೆ ತುಳಿದು, ಒಂದು ನಿಮಿಷ ಹಾಗೇ ಹಿಡಿಯಿರಿ.

ಪೆಡಲ್ ಮೊದಲು ಕೆಳಗೆ ಹೋಗಿ, ತುಳಿದಂತೆಲ್ಲ ಮೇಲೆ ಬಂದು ಗಟ್ಟಿಯಾಗುತ್ತಾ ಹೋದರೆ ಗಾಳಿ ಇರಬಹುದು. ಆದರೆ ಹಿಂದಿನ ಡ್ರಮ್ ಬ್ರೇಕ್ ಶೂ ಸವೆದು ಅಂತರ ಜಾಸ್ತಿಯಾದಾಗಲೂ ಇದೇ ಥರ ಆಗುತ್ತದೆ. ಎರಡನ್ನೂ ಬೇರೆ ಮಾಡುವ ಸುಲಭ ದಾರಿ ಇದೆ. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು ಮತ್ತೆ ಪೆಡಲ್ ತುಳಿಯಿರಿ. ಪೆಡಲ್ ಮೊದಲ ಸಲಕ್ಕೇ ಮೇಲೆ ನಿಂತರೆ ತೊಂದರೆ ಶೂ ಅಡ್ಜಸ್ಟ್‌ಮೆಂಟ್‌ನಲ್ಲಿ. ಆಗ ಎಷ್ಟು ಬಾಟಲಿ ಆಯಿಲ್ ಸುರಿದು ಗಾಳಿ ತೆಗೆದರೂ ಪ್ರಯೋಜನ ಇಲ್ಲ. ಕಾಲಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಶೂ ಅಂತರ ಇದ್ದರೆ ಪೆಡಲ್ ಕೆಳಗೆ ಹೋಗುತ್ತದೆ, ಆದರೆ ಅಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಗಾಳಿ ಇದ್ದರೆ ಮೊದಲ ಸಲ ತುಳಿದಾಗ ಎಲ್ಲೂ ಗಟ್ಟಿ ಅನ್ನಿಸುವುದಿಲ್ಲ, ಪುಟಿಯುತ್ತಲೇ ಇರುತ್ತದೆ.

ಪೆಡಲ್ ಮೊದಲು ಗಟ್ಟಿಯಾಗಿ ನಿಂತು, ಆಮೇಲೆ ನಿಮ್ಮ ಕಾಲಿನ ಕೆಳಗೇ ಮೆಲ್ಲಗೆ ಇಳಿಯುತ್ತಾ ಹೋದರೆ ಅದು ಗಾಳಿ ಅಲ್ಲ. ಹೊರಗೆ ಎಲ್ಲೋ ಸೋರುತ್ತಿರಬೇಕು, ಇಲ್ಲವೇ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸೀಲ್ ಸವೆದು ಆಯಿಲ್ ಸೀಲಿನ ಹಿಂದಕ್ಕೆ ಜಾರುತ್ತಿರಬೇಕು. ಸೀಲ್ ಸವೆದಿದ್ದರೆ ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ, ಡಬ್ಬಿಯ ಮಟ್ಟವೂ ಇಳಿಯುವುದಿಲ್ಲ. ಅದಕ್ಕೇ ಈ ದೋಷವನ್ನು ಗಾಳಿ ಅಂದುಕೊಂಡು ಮೋಸ ಹೋಗುವವರು ಜಾಸ್ತಿ. ಒಂದು ನಿಮಿಷ ಕಾಲು ಹಿಡಿಯುವ ತಾಳ್ಮೆ ಇದ್ದರೆ ಇದು ಸಿಕ್ಕಿಬೀಳುತ್ತದೆ.

ಪೆಡಲ್ ಗಟ್ಟಿ ಇದೆ, ಆದರೆ ಗಾಡಿ ನಿಲ್ಲುತ್ತಿಲ್ಲ ಅಂದರೆ ಬೂಸ್ಟರ್ ನೋಡಿ. ವ್ಯಾಕ್ಯೂಮ್ ಖಾಲಿ ಮಾಡಿ, ಪೆಡಲ್ ತುಳಿದು ಹಿಡಿದುಕೊಂಡೇ ಇಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಪೈಪ್ ಕೆಲಸ ಮಾಡುತ್ತಿಲ್ಲ.

ಇನ್ನೊಂದು ಥರ ಇದೆ. ಬೆಳಿಗ್ಗೆ ಬ್ರೇಕ್ ಚೆನ್ನಾಗಿರುತ್ತದೆ, ಊರೂರು ತಿರುಗಿದ ಮೇಲೆ ಮೆತ್ತಗಾಗುತ್ತದೆ, ತಣ್ಣಗಾದ ಮೇಲೆ ಮತ್ತೆ ಸರಿಯಾಗುತ್ತದೆ. "ನಮ್ಮ ಬಿಸಿಲಿಗೆ ಬ್ರೇಕ್ ಆಯಿಲ್ ಕುದೀತದ" ಅಂತ ಹೇಳುವುದನ್ನು ನೀವೂ ಕೇಳಿರಬಹುದು. ಕಲಬುರಗಿಯ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ನಿಜ. ಆದರೆ ಹೊಸ ಡಾಟ್ 3 (ಡಾಟ್ ಅಂದರೆ ಬ್ರೇಕ್ ಆಯಿಲ್ ದರ್ಜೆ) ಆಯಿಲ್ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಬೇಕು, ಡಾಟ್ 4 ಆದರೆ 230. ಬಿಸಿಲು ಅಷ್ಟು ಮಾಡಲಾರದು. ಅಷ್ಟು ಕಾವು ಬರುವುದು ಪ್ಯಾಡ್ ಮತ್ತು ಡಿಸ್ಕಿನ ತಿಕ್ಕಾಟದಿಂದ. ಆಯಿಲ್ ಹಳೆಯದಾದಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಶೇಕಡ 3.7ರಷ್ಟು ಸೇರಿದಾಗಿನ ಕನಿಷ್ಠ ಕುದಿ ಮಟ್ಟ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155. ಅಂದರೆ ಹಳೆಯ ಆಯಿಲ್ ಇದ್ದ ಗಾಡಿಯಲ್ಲಿ ಒಂದು ಕ್ಯಾಲಿಪರ್ ಜಾಮ್ ಆಗಿ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇದ್ದರೆ ಸಾಕು, ಒಳಗೆ ಆವಿ ಗುಳ್ಳೆ ಏಳುತ್ತದೆ. ಗಾಡಿ ನಿಲ್ಲಿಸಿದ ಮೇಲೆ ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಒಂದೇ ಚಕ್ರ ಬೇರೆಯದಕ್ಕಿಂತ ತುಂಬ ಬಿಸಿ ಇದ್ದರೆ ಆ ಕ್ಯಾಲಿಪರ್ ಬಿಚ್ಚಿ, ಅದು ಜಾರುವ ಪಿನ್ ಸ್ವಚ್ಛ ಮಾಡಿಸಿ. ಮಳೆಗಾಲದಲ್ಲಿ ಎರೆ ಮಣ್ಣಿನ ದಾರಿಯಲ್ಲಿ ಓಡಾಡುವ ಗಾಡಿಗಳಲ್ಲಿ ಇದನ್ನು ತಪ್ಪದೇ ನೋಡಬೇಕು. ಒದ್ದೆ ಮಣ್ಣು ಕ್ಯಾಲಿಪರ್ ಸಂದಿಯಲ್ಲೆಲ್ಲ ಮೆತ್ತಿಕೊಳ್ಳುತ್ತದೆ, ಒಣಗಿದ ಮೇಲೆ ಉಗುರಿಂದ ಕೆರೆದರೂ ಬಿಡುವುದಿಲ್ಲ.

ಸೋರಿಕೆ ಹುಡುಕುವುದು

ಬಾನೆಟ್ ತೆಗೆದು ಡಬ್ಬಿ ನೋಡಿ. ಮಟ್ಟ ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಇರಬೇಕು. ಕಡಿಮೆ ಇದ್ದ ತಕ್ಷಣ ಸೋರಿಕೆ ಅಂತ ಹೆದರಬೇಡಿ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದಕ್ಕೆ ಬರುತ್ತದೆ, ಆ ಜಾಗ ತುಂಬಲು ಡಬ್ಬಿಯ ಆಯಿಲ್ ಇಳಿಯುತ್ತದೆ. ತಿಂಗಳುಗಟ್ಟಲೆ ಮೆಲ್ಲಗೆ ಇಳಿದಿದ್ದರೆ ಮೊದಲು ಪ್ಯಾಡ್ ದಪ್ಪ ನೋಡಿ. ವಾರದೊಳಗೆ ಇಳಿದಿದ್ದರೆ ಮಾತ್ರ ಅದು ಸೋರಿಕೆಯೇ. ಹೈಡ್ರಾಲಿಕ್ ಕ್ಲಚ್ ಇರುವ ಎಷ್ಟೋ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಇದೊಂದೇ ಡಬ್ಬಿ. ಹಾಗಿದ್ದರೆ ಕ್ಲಚ್ ಪೆಡಲ್ ಮೇಲ್ತುದಿಯಲ್ಲೂ ಬೆರಳಾಡಿಸಿ ನೋಡಿ.

ಗಾಡಿಯಡಿ ತೇವ ಕಂಡರೆ ಅದು ಏನು ಅಂತ ಮೊದಲು ತಿಳಿಯಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಏಸಿ ಹಾಕದೆ ಯಾರೂ ಗಾಡಿ ಓಡಿಸುವುದಿಲ್ಲ. ಏಸಿ ನೀರು ಮುಂದಿನ ಭಾಗದಲ್ಲಿ ತೊಟ್ಟಿಕ್ಕುತ್ತಲೇ ಇರುತ್ತದೆ, ಅದು ಸಹಜ. ಬ್ರೇಕ್ ಆಯಿಲ್ ಆದರೆ ಬೆರಳಿಗೆ ಜಾರುತ್ತದೆ, ತೆಳು ಹಳದಿ ಅಥವಾ ಕಂದು ಬಣ್ಣ, ಇಂಜಿನ್ ಆಯಿಲ್‌ಗಿಂತ ತೆಳು. ನೀರು ಹಾಕಿ ತೊಳೆದರೆ ಹೋಗಿಬಿಡುತ್ತದೆ. ಇಂಜಿನ್ ಆಯಿಲ್ ಹಾಗೆ ಬರೀ ನೀರಿಗೆ ಹೋಗುವುದಿಲ್ಲ.

ನಾಲ್ಕೂ ಟೈರ್‌ಗಳ ಒಳಮೈ ನೋಡಿ. ಹಿಂದಿನ ಡ್ರಮ್ಮಿನ ಕೆಳಗಿನಿಂದ ಟೈರ್ ಮೇಲೆ ಒದ್ದೆ ಗೆರೆ ಇಳಿದಿದ್ದರೆ ವೀಲ್ ಸಿಲಿಂಡರ್ ಸೋರುತ್ತಿದೆ. ಡ್ರಮ್ ಬಿಚ್ಚಿ, ಸಿಲಿಂಡರ್ ತುದಿಯ ರಬ್ಬರ್ ಟೊಪ್ಪಿಯನ್ನು ಮೆಲ್ಲಗೆ ಎತ್ತಿದರೆ ಆಯಿಲ್ ಹೊರಗೆ ಬರುತ್ತದೆ. ಆ ಸಿಲಿಂಡರ್ ಬದಲಿಸಲೇಬೇಕು. ಶೂ ಮೇಲೆ ಆಯಿಲ್ ಬಿದ್ದಿದ್ದರೆ ಶೂ ಕೂಡ. ಉಪ್ಪು ಕಾಗದದಲ್ಲಿ ತಿಕ್ಕಿ ಮತ್ತೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಶೂ ಒಳಗೆ ಹೀರಿಕೊಂಡ ಆಯಿಲ್ ಕಾವಿಗೆ ಮತ್ತೆ ಹೊರಗೆ ಬರುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಮುಂದಿನ ಹೋಸ್ ಪೈಪ್‌ಗಳನ್ನು ಬೆಳಕು ಬಿಟ್ಟು ನೋಡಿ. ಕಾವಿಗೂ ವಯಸ್ಸಿಗೂ ರಬ್ಬರ್ ಬಿರುಕು ಬಿಡುತ್ತದೆ. ಸ್ಟೀರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿದರೆ ಬಿರುಕು ಬಾಯಿ ತೆರೆದು ಕಾಣುತ್ತದೆ. ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ, ಹೋಸನ್ನು ಬೆರಳಲ್ಲಿ ಹಿಡಿಯಿರಿ. ತುಳಿದಾಗ ಹೋಸ್ ಉಬ್ಬಿದರೆ ಪೆಡಲ್ ಮೆತ್ತಗಾಗಲು ಅದೇ ಕಾರಣ, ಗಾಳಿ ಅಲ್ಲ. ಕೊನೆಗೆ, ಮಾಸ್ಟರ್ ಸಿಲಿಂಡರ್ ಬೂಸ್ಟರ್‌ಗೆ ಕೂಡುವ ಜಾಗದ ಕೆಳಗೆ ನೋಡಿ. ಅಲ್ಲಿ ಪೇಂಟ್ ಉಬ್ಬಿದ್ದರೆ, ಸುಲಿದಿದ್ದರೆ ಹಿಂದಿನ ಸೀಲ್ ಸೋರುತ್ತಿದೆ. ಬ್ರೇಕ್ ಆಯಿಲ್ ಪೇಂಟನ್ನು ತಿಂದುಹಾಕುತ್ತದೆ, ಹಾಗಾಗಿ ಪೇಂಟೇ ಇದಕ್ಕೆ ಸಾಕ್ಷಿ.

ಸೋರಿಕೆ ಸಿಕ್ಕಿದರೆ ಮೊದಲು ಅದನ್ನು ಸರಿ ಮಾಡಿಸಿ. ಆಮೇಲೆ ಗಾಳಿ.

ಜಾಗ ಮತ್ತು ಸಾಮಾನು

ನಮ್ಮ ಮನೆಗಳ ಅಂಗಳದಲ್ಲಿ ಶಹಾಬಾದ್ ಕಲ್ಲು ಹಾಸಿರುತ್ತದೆ. ನೋಡಲು ಗಟ್ಟಿ, ಆದರೆ ಕೆಳಗೆ ಟೊಳ್ಳು ಇದ್ದ ಕಡೆ ಜಾಕ್ ಕೂತರೆ ಕಲ್ಲು ಟಕ್ ಅಂತ ಬಿರಿಯುತ್ತದೆ. ಗಾಡಿಯ ತೂಕ ಹೊತ್ತ ಜಾಕ್ ಆ ಬಿರುಕಿನಲ್ಲಿ ವಾಲಿದರೆ ಕೆಳಗಿದ್ದವರ ಗತಿ ಏನು? ಜಾಕ್ ಕೆಳಗೆ ಅಗಲವಾದ ದಪ್ಪ ಹಲಗೆ ಹಾಕಿ. ಬರೀ ಎರೆ ಮಣ್ಣಿನ ಅಂಗಳವಾದರೆ ಜಾಕ್ ಹಾಕಲೇಬೇಡಿ. ಒಣಗಿದಾಗಲೂ ಆ ನೆಲದಲ್ಲಿ ಬಿರುಕು ಇರುತ್ತದೆ, ಹಸಿಯಾದರೆ ಜಾಕ್ ಹೂತು ಹೋಗುತ್ತದೆ. ಕಾಂಕ್ರೀಟ್ ಇರುವ ಜಾಗ ಹುಡುಕಿ. ಗಾಡಿ ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್ ಕೊಡಬೇಕು. ಬಿಚ್ಚಿದ ಚಕ್ರವನ್ನು ಗಾಡಿಯಡಿ ಮಲಗಿಸಿ ಇಡಿ. ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಬರೀ ಜಾಕ್ ನಂಬಿ ಗಾಡಿಯಡಿ ಕೈ ಹಾಕುವುದು ಬೇಡವೇ ಬೇಡ.

ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಅಂತ ಬರೆದಿರುತ್ತದೆ. ಅದನ್ನೇ ತನ್ನಿ. ಸೀಲ್ ಒಡೆಯದ ಬಾಟಲಿಯೇ ಬೇಕು. ಕಪಾಟಿನಲ್ಲಿ ಹೋದ ವರ್ಷದಿಂದ ಅರ್ಧ ಉಳಿದ ಬಾಟಲಿ ಆಗಲೇ ತೇವ ಹೀರಿಕೊಂಡಿರುತ್ತದೆ. ಬರೀ ಗಾಳಿ ತೆಗೆಯಲು ಅರ್ಧ ಲೀಟರ್ ಸಾಕಾಗುತ್ತದೆ, ಹಳೆಯದನ್ನೆಲ್ಲ ಬದಲಿಸಬೇಕಾದರೆ ಒಂದು ಲೀಟರ್ ಇಟ್ಟುಕೊಳ್ಳಿ. ಡಾಟ್ 5 ಅನ್ನುವುದು ಸಿಲಿಕೋನ್ ಆಯಿಲ್. ಅದನ್ನು ಡಾಟ್ 3, ಡಾಟ್ 4 ಜೊತೆ ಬೆರೆಸಬಾರದು. ಇಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಒಂದು ಚಮಚ ಬಿದ್ದರೂ ಕೆಟ್ಟಿತು. ಒಳಗಿನ ರಬ್ಬರ್ ಸೀಲ್‌ಗಳೆಲ್ಲ ಉಬ್ಬಿಹೋಗುತ್ತವೆ, ಮಾಸ್ಟರ್ ಸಿಲಿಂಡರ್‌ನಿಂದ ಹಿಡಿದು ನಾಲ್ಕು ಚಕ್ರದ ತನಕ ಖರ್ಚು ಬರುತ್ತದೆ.

ನಿಪ್ಪಲ್‌ಗೆ ಸರಿಹೊಂದುವ ರಿಂಗ್ ಪಾನಾ ಬೇಕು. ಸಾಮಾನ್ಯವಾಗಿ 8, 10 ಅಥವಾ 11 ಎಂಎಂ. ಓಪನ್ ಪಾನಾ ಹಾಕಿದರೆ ಮೂಲೆ ಉಜ್ಜಿಹೋಗುತ್ತದೆ. ನಿಪ್ಪಲ್ ಮೇಲೆ ಬಿಗಿಯಾಗಿ ಕೂರುವ ಪಾರದರ್ಶಕ ಪೈಪ್ ಒಂದು ಮೀಟರ್ ಇರಲಿ. ಮೀನಿನ ತೊಟ್ಟಿಗೆ ಹಾಕುವ ಪೈಪ್ ಚೆನ್ನಾಗಿ ಹೊಂದುತ್ತದೆ. ಒಂದು ಪ್ಲಾಸ್ಟಿಕ್ ಬಾಟಲಿ, ಹಳೆ ಬಟ್ಟೆ, ತಂತಿ ಬ್ರಶ್, ಪಕ್ಕದಲ್ಲಿ ಒಂದು ಬಕೆಟ್ ನೀರು. ನೀರು ಯಾಕೆಂದರೆ ಆಯಿಲ್ ಪೇಂಟ್ ಮೇಲೆ ಬಿದ್ದ ಕೂಡಲೇ ಧಾರಾಳವಾಗಿ ಸುರಿದು ತೊಳೆಯಬೇಕು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಗಾಳಿ ತೆಗೆಯುವುದು

ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರದಿಂದ ಶುರು ಮಾಡುವುದು ಸಾಮಾನ್ಯ ಪದ್ಧತಿ. ನಮ್ಮ ಗಾಡಿಗಳಲ್ಲಿ ಸ್ಟೀರಿಂಗ್ ಬಲಗಡೆ, ಮಾಸ್ಟರ್ ಸಿಲಿಂಡರ್ ಕೂಡ ಸಾಮಾನ್ಯವಾಗಿ ಅಲ್ಲೇ. ಹಾಗಾಗಿ ಮೊದಲು ಹಿಂದಿನ ಎಡ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಆದರೆ ಮುಂದಿನ ಚಕ್ರದಿಂದ ಓಡುವ ಎಷ್ಟೋ ಕಾರುಗಳಲ್ಲಿ ಪೈಪ್ ಕರ್ಣಾಕಾರದಲ್ಲಿ ಹೋಗಿರುತ್ತದೆ. ಎಡ ಹಿಂದಿನದ್ದು ಬಲ ಮುಂದಿನದ್ದರ ಜೊತೆ. ಅಂಥ ಗಾಡಿಗಳಿಗೆ ಕಂಪನಿ ಬೇರೆ ಸರದಿ ಹೇಳಿರಬಹುದು. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಏನಿದೆಯೋ ಅದೇ ಅಂತಿಮ.

ನಿಪ್ಪಲ್ ಮೇಲಿನ ರಬ್ಬರ್ ಟೊಪ್ಪಿ ತೆಗೆಯುವ ಮೊದಲು ಸುತ್ತಲಿನ ಮಣ್ಣನ್ನು ತಂತಿ ಬ್ರಶ್‌ನಿಂದ ಉಜ್ಜಿ ತೆಗೆಯಿರಿ. ನಿಪ್ಪಲ್ ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ಗಂಟೆ ಬಿಡಿ. ಸುಮ್ನೆ ಬಲ ಹಾಕಬೇಡಿ. ನಿಪ್ಪಲ್ ಒಳಗೆ ಪೊಳ್ಳು, ಸೀದಾ ಮುರಿಯುತ್ತದೆ. ಮುರಿದರೆ ಮನೆಯ ಕೆಲಸ ಅಲ್ಲಿಗೇ ನಿಂತಿತು.

ಪಾನಾವನ್ನು ಮೊದಲು ನಿಪ್ಪಲ್‌ಗೆ ಹಾಕಿ, ಆಮೇಲೆ ಪೈಪ್ ಹಾಕಿ. ಉಲ್ಟಾ ಮಾಡಿದರೆ ಪೈಪ್ ಮತ್ತೆ ಬಿಚ್ಚಬೇಕಾಗುತ್ತದೆ. ಬಾಟಲಿಯಲ್ಲಿ ಎರಡು ಬೆರಳಷ್ಟು ಹೊಸ ಆಯಿಲ್ ಹಾಕಿ, ಪೈಪಿನ ಇನ್ನೊಂದು ತುದಿ ಅದರಲ್ಲಿ ಮುಳುಗಿರಲಿ. ಪೈಪ್ ನಿಪ್ಪಲ್‌ನಿಂದ ಮೊದಲು ಮೇಲಕ್ಕೆ ಹೋಗಿ ಆಮೇಲೆ ಬಾಟಲಿಗೆ ಇಳಿಯಲಿ. ಗುಳ್ಳೆ ಮೇಲಕ್ಕೆ ಏರುತ್ತದೆ, ವಾಪಸ್ ಕ್ಯಾಲಿಪರ್ ಒಳಗೆ ಹೋಗುವುದಿಲ್ಲ. ಡಬ್ಬಿಯನ್ನು ಮ್ಯಾಕ್ಸ್ ತನಕ ತುಂಬಿ, ಮುಚ್ಚಳ ಸಡಿಲವಾಗಿ ಇಡಿ. ಇಂಜಿನ್ ಆಫ್ ಇರಲಿ. ಹಿಂದಿನ ಚಕ್ರ ಮಾಡುವಾಗ ಹ್ಯಾಂಡ್ ಬ್ರೇಕ್ ಬಿಟ್ಟಿರಿ, ಗಾಡಿ ಜರುಗದಂತೆ ಕಲ್ಲು ಕೊಟ್ಟಿದ್ದೀರಲ್ಲ. ಹಳೆಯ ಗಾಡಿಯಾದರೆ ಪೆಡಲ್ ಕೆಳಗೆ ಒಂದು ಕಟ್ಟಿಗೆ ತುಂಡು ಇಡಿ. ವರ್ಷಗಟ್ಟಲೆ ಪೆಡಲ್ ಆ ಆಳಕ್ಕೆ ಹೋಗಿರುವುದಿಲ್ಲ. ಮಾಸ್ಟರ್ ಸಿಲಿಂಡರ್‌ನ ಆ ಭಾಗದಲ್ಲಿ ತುಕ್ಕು, ಕಸ ಕೂತಿರುತ್ತದೆ. ಪೆಡಲ್ ನೆಲದ ತನಕ ಹೋದರೆ ಸೀಲ್ ಅದರ ಮೇಲೆ ಉಜ್ಜಿ ಹರಿಯುತ್ತದೆ. ಗಾಳಿ ತೆಗೆದ ಮರುದಿನ ಮಾಸ್ಟರ್ ಸಿಲಿಂಡರ್ ಹೋಯಿತು ಅಂತ ಕೇಳಿದರೆ ಬಹಳ ಸಲ ಕಾರಣ ಇದೇ.

ಇನ್ನು ಇಬ್ಬರ ಕೆಲಸ. ಒಬ್ಬರು ಸೀಟಿನಲ್ಲಿ, ಒಬ್ಬರು ಚಕ್ರದ ಹತ್ತಿರ. ಇಲ್ಲಿ ಮಾತು ಸ್ಪಷ್ಟ ಇರಬೇಕು, ಯಾಕೆಂದರೆ ಒಬ್ಬರ ಕಾಲು ಇನ್ನೊಬ್ಬರಿಗೆ ಕಾಣುವುದಿಲ್ಲ. ನಮ್ಮ ಅಣ್ಣನ ಮಗನನ್ನು ಸೀಟಿನಲ್ಲಿ ಕೂರಿಸಿದರೆ ನಮ್ಮ ಮಾತು ಹೀಗೆ ನಡೆಯುತ್ತದೆ:

"ತುಳಿ, ಮೆಲ್ಲಕ."

"ತುಳದೀನಿ ಕಾಕಾ."

"ಹಿಡಿ. ನಾ ಅನ್ನೂತನಕ ಬಿಡಬ್ಯಾಡ." ನಾನು ನಿಪ್ಪಲ್ ಕಾಲು ಸುತ್ತು ಬಿಚ್ಚುತ್ತೇನೆ.

"ಕೆಳಗ ಹೊಂಟದ ಕಾಕಾ."

"ಹೋಗ್ಲಿ, ಕಾಲು ತೆಗೀಬ್ಯಾಡ." ನಿಪ್ಪಲ್ ಮುಚ್ಚುತ್ತೇನೆ. "ಈಗ ಬಿಡು."

ಇದೇ ಸರದಿ. ತುಳಿ, ಹಿಡಿ, ಬಿಚ್ಚು, ಮುಚ್ಚು, ಬಿಡು. ನಿಪ್ಪಲ್ ಮುಚ್ಚುವ ಮೊದಲು ಪೆಡಲ್ ಬಿಟ್ಟರೆ ಹೊರಗೆ ಹೋದ ಗಾಳಿ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಪೆಡಲನ್ನು ದಡಬಡ ತುಳಿಯುವುದೂ ಬೇಡ. ದೊಡ್ಡ ಗುಳ್ಳೆ ಒಡೆದು ಸಣ್ಣ ಸಣ್ಣ ಗುಳ್ಳೆಯಾಗುತ್ತದೆ, ಅವು ಹೊರಗೆ ಬರಲು ಇನ್ನೂ ಹೊತ್ತು ತೆಗೆದುಕೊಳ್ಳುತ್ತವೆ.

ಪೈಪಿನ ಮೇಲೆ ಕಣ್ಣಿಡಿ. ಮೊದಲು ಕಂದು ಬಣ್ಣದ ಹಳೆ ಆಯಿಲ್ ಬರುತ್ತದೆ. ನಡುವೆ ಒಂದೊಂದು ಉದ್ದನೆಯ ಗುಳ್ಳೆ, ಆಯಿಲ್ ಪೂರ್ತಿ ಕಡಿದುಹೋದ ಹಾಗೆ, ಪೈಪಿನಲ್ಲಿ ಸರಿಯುತ್ತಾ ಬರುತ್ತದೆ. ಆಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಸಾಲಾಗಿ. ಇಲ್ಲಿ ಎಲ್ಲರೂ "ಆಯ್ತು" ಅಂತ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ. ಪಾನಾದ ಹಿಡಿಕೆಯಿಂದ ಕ್ಯಾಲಿಪರ್‌ಗೆ ಮೆಲ್ಲಗೆ ತಟ್ಟಿ. ಗೋಡೆಗೆ ಅಂಟಿದ್ದ ಗುಳ್ಳೆ ಬಿಡುತ್ತದೆ. ಐದಾರು ಸಲ ತುಳಿದಾಗಲೂ ಒಂದೂ ಗುಳ್ಳೆ ಬರದೆ, ತಿಳಿಯಾದ ಆಯಿಲ್ ಮಾತ್ರ ಬಂದರೆ ಆ ಚಕ್ರ ಮುಗಿಯಿತು. ನಿಪ್ಪಲ್ ಬಿಗಿ ಮಾಡಿ, ಆದರೆ ಮೈಮೇಲೆ ಬಂದವರ ಹಾಗೆ ಅಲ್ಲ. ಎಷ್ಟೋ ಗಾಡಿಗಳಲ್ಲಿ 8ರಿಂದ 10 ನ್ಯೂಟನ್ ಮೀಟರ್ ಸಾಕು. ಟೊಪ್ಪಿ ಮರೆಯದೆ ಹಾಕಿ. ಅದು ಇಲ್ಲದಿದ್ದರೆ ಮುಂದಿನ ಸಲ ನಿಪ್ಪಲ್ ತೂತಿನಲ್ಲಿ ಬರೀ ಮಣ್ಣು.

ನಾಲ್ಕೈದು ಸಲ ತುಳಿದ ಮೇಲೆ ಪ್ರತಿ ಸಲ ಡಬ್ಬಿ ನೋಡಿ, ತುಂಬಿ. ಮಿನ್ ಗೆರೆಗಿಂತ ಕೆಳಗೆ ಇಳಿಯಲೇಬಾರದು. ಡಬ್ಬಿ ಖಾಲಿಯಾದರೆ ಮಾಸ್ಟರ್ ಸಿಲಿಂಡರ್ ಗಾಳಿ ನುಂಗುತ್ತದೆ, ಮತ್ತೆ ಮೊದಲ ಚಕ್ರದಿಂದ ಶುರು.

ಜೊತೆಗೆ ಯಾರೂ ಇಲ್ಲ ಅಂದರೆ ನಿಪ್ಪಲ್ ಬಿಚ್ಚಿ ಪೈಪ್ ಹಾಕಿ, ಡಬ್ಬಿಯ ಮುಚ್ಚಳ ಸಡಿಲ ಮಾಡಿ ಸುಮ್ನೆ ಬಿಡಬಹುದು. ಆಯಿಲ್ ತನ್ನ ಭಾರಕ್ಕೇ ಇಳಿದು ಬರುತ್ತದೆ. ನಿಧಾನ, ಆದರೆ ಸೀಲ್‌ಗೆ ಏನೂ ತೊಂದರೆ ಇಲ್ಲ. ಡಬ್ಬಿ ಬಿಟ್ಟು ಎದ್ದು ಹೋಗಬಾರದು ಅಷ್ಟೇ.

ಎಲ್ಲ ಮಾಡಿದರೂ ಮೆತ್ತಗೇ ಇದ್ದರೆ

ಮೊದಲು ಕ್ಯಾಲಿಪರ್ ನೋಡಿ. ಇತ್ತೀಚೆಗೆ ಎರಡೂ ಕಡೆಯ ಕ್ಯಾಲಿಪರ್ ಬಿಚ್ಚಿ ಹಾಕಿದ್ದಾರಾ? ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರೆ ನಿಪ್ಪಲ್ ಕೆಳಗಡೆ ಬರುತ್ತದೆ. ಗಾಳಿ ಮೇಲೆ ನಿಲ್ಲುತ್ತದೆ, ನಿಪ್ಪಲ್ ಕೆಳಗೆ. ದಿನವಿಡೀ ತುಳಿದರೂ ಗಾಳಿ ಬರುವುದಿಲ್ಲ. ನಿಪ್ಪಲ್ ಯಾವಾಗಲೂ ಕ್ಯಾಲಿಪರ್‌ನ ಮೇಲ್ಭಾಗದಲ್ಲಿ ಇರಬೇಕು. ನೋಡಲು ಅರ್ಧ ನಿಮಿಷ ಸಾಕು.

ಮಾಸ್ಟರ್ ಸಿಲಿಂಡರ್ ಹೊಸದಾಗಿ ಹಾಕಿದ್ದರೆ ಅದರೊಳಗೇ ಗಾಳಿ ಉಳಿದಿರಬಹುದು. ಅದನ್ನು ಗಾಡಿಗೆ ಕೂರಿಸುವ ಮೊದಲೇ ವೈಸ್‌ನಲ್ಲಿ ಹಿಡಿದು, ಆಯಿಲ್ ತುಂಬಿ ಗಾಳಿ ತೆಗೆದಿರಬೇಕು. ಹಾಗೆ ಮಾಡಿದ್ದಾರೋ ಇಲ್ಲವೋ ಅಂತ ಹಾಕಿದವರನ್ನು ಕೇಳಿ.

ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗಳದ್ದು ಬೇರೆ ಲೆಕ್ಕ. ನಮ್ಮ ದೇಶದಲ್ಲಿ ಹೊಸ ಮಾದರಿಯ ಕಾರುಗಳಿಗೆ 2018ರ ಏಪ್ರಿಲ್‌ನಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ ಆಗಿದೆ. ಚಕ್ರದ ಹತ್ತಿರ ಮಾತ್ರ ಗಾಳಿ ಇದ್ದರೆ ಮೇಲಿನ ರೀತಿಯಲ್ಲೇ ಸಾಮಾನ್ಯವಾಗಿ ಬರುತ್ತದೆ. ಆದರೆ ಡಬ್ಬಿ ಒಣಗಿ ಗಾಳಿ ಎಬಿಎಸ್ ಯೂನಿಟ್ ಒಳಗೆ ಹೋಗಿದ್ದರೆ, ಅಲ್ಲಿನ ವಾಲ್ವ್ ಮತ್ತು ಪಂಪನ್ನು ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಜೊತೆ ಮಾತಾಡುವ ಯಂತ್ರ) ಹಚ್ಚಿ ಓಡಿಸಬೇಕಾಗುತ್ತದೆ. ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಹೈಬ್ರಿಡ್, ಎಲೆಕ್ಟ್ರಿಕ್ ಕಾರು, ಸ್ವಿಚ್ ಒತ್ತಿದರೆ ಹಿಡಿಯುವ ಹ್ಯಾಂಡ್ ಬ್ರೇಕ್ ಇರುವ ಕಾರು, ಇವನ್ನೂ ಸೀದಾ ಸ್ಕ್ಯಾನರ್ ಇರುವ ಕಡೆಗೇ ಒಯ್ಯಿರಿ.

ರಸ್ತೆಗೆ ಇಳಿಯುವ ಮೊದಲು

ಚಕ್ರ ಹಾಕಿ, ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ. ಡಬ್ಬಿ ಮ್ಯಾಕ್ಸ್ ತನಕ ತುಂಬಿ ಮುಚ್ಚಳ ಬಿಗಿ ಮಾಡಿ. ಇಂಜಿನ್ ಆಫ್ ಇದ್ದಾಗಲೇ ಪೆಡಲ್ ಗಟ್ಟಿ ಇರಬೇಕು. ಸ್ಟಾರ್ಟ್ ಮಾಡಿದಾಗ ಸ್ವಲ್ಪ ಇಳಿಯುತ್ತದೆ, ಅದು ಬೂಸ್ಟರ್ ಕೆಲಸ, ಗಾಬರಿ ಬೇಡ. ಇಂಜಿನ್ ಓಡುತ್ತಿರುವಾಗ ಒಬ್ಬರು ಜೋರಾಗಿ ಅರ್ಧ ನಿಮಿಷ ತುಳಿದು ಹಿಡಿಯಲಿ, ಇನ್ನೊಬ್ಬರು ನಾಲ್ಕೂ ನಿಪ್ಪಲ್ ಹತ್ತಿರ ಒಣ ಬೆರಳಿಟ್ಟು ನೋಡಲಿ. ಒದ್ದೆಯಾದರೆ ಮತ್ತೆ ಬಿಗಿ ಮಾಡಬೇಕು.

ಮೊದಲ ಓಟ ಮನೆ ಹತ್ತಿರದ ಖಾಲಿ ಲೇಔಟ್ ರಸ್ತೆಯಲ್ಲಿ, 10–20 ಕಿಲೋಮೀಟರ್ ವೇಗದಲ್ಲಿ. ಹ್ಯಾಂಡ್ ಬ್ರೇಕ್ ಕೆಲಸ ಮಾಡುತ್ತದೆಯೇ ಅಂತ ಮೊದಲೇ ನೋಡಿರಿ. ಗಾಡಿ ಒಂದು ಕಡೆಗೆ ಎಳೆಯಬಾರದು, ಡ್ಯಾಶ್‌ಬೋರ್ಡಿನ ಬ್ರೇಕ್ ದೀಪ ಉರಿಯುತ್ತಾ ಇರಬಾರದು. ರಿಂಗ್ ರೋಡಿಗೆ ಹೋಗುವುದು ಇದೆಲ್ಲ ಸರಿ ಇದ್ದ ಮೇಲೆ.

ಬಾಟಲಿಯಲ್ಲಿ ಉಳಿದ ಹಳೆ ಆಯಿಲ್ ವಿಷ. ಕೂಲ್ ಡ್ರಿಂಕ್ ಬಾಟಲಿಯಲ್ಲಿ ತುಂಬಿ ಮೂಲೆಯಲ್ಲಿ ಇಡಬೇಡಿ, ಮಕ್ಕಳು ಇರುವ ಮನೆ. ಬ್ಲೀಚಿಂಗ್ ಪೌಡರ್ ಹತ್ತಿರವೂ ಬೇಡ, ಎರಡೂ ಸೇರಿದರೆ ಬೆಂಕಿ ಹತ್ತಬಹುದು. ಚರಂಡಿಗೆ ಸುರಿಯದೆ, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಮರುದಿನ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಡಬ್ಬಿಯ ಮಟ್ಟ ಮತ್ತೊಮ್ಮೆ ನೋಡಿ, ಪೆಡಲ್ ಒಮ್ಮೆ ತುಳಿಯಿರಿ. ಮುಂದಿನ ಒಂದು ವಾರ ಹೀಗೇ ಮಾಡಿ. ಮಟ್ಟ ಇಳಿದಿದ್ದರೆ ಅಥವಾ ಪೆಡಲ್ ಮತ್ತೆ ಮೆತ್ತಗಾಗಿದ್ದರೆ ಎರಡನೇ ಸಲ ಗಾಳಿ ತೆಗೆಯಲು ಕೂರಬೇಡಿ. ಗಾಡಿ ಅಲ್ಲೇ ನಿಲ್ಲಿಸಿ, ಸೋರಿಕೆ ಹುಡುಕುವುದಕ್ಕೆ ವಾಪಸ್ ಹೋಗಿ.